ಗಾಜಿನ ಪೆಟ್ಟಿಗೆಯ ಕಡಲು, ಕಡತದೊಳಗಿನ ಕಾಡು

ಅಭಿವೃದ್ಧಿಯ ಭಾಷೆಯಲ್ಲಿ ‘ಬದಲಿ’ ಎಂಬ ಶಬ್ದಕ್ಕೆ ಇಂದು ದೊರೆತಿರುವ ಮರ್ಯಾದೆ ಬೇರಾವ ಶಬ್ದಕ್ಕೂ ದೊರೆತಿಲ್ಲ. ಕಡಿದ ಕಾಡಿಗೆ ಬದಲಿ ಕಾಡು, ಮುಳುಗಿದ ಊರಿಗೆ ಬದಲಿ ಊರು, ಅಗೆದ ಹವಳದ ದಿಬ್ಬಕ್ಕೆ ಬದಲಿ ದಿಬ್ಬ. ಈ ಶಬ್ದವನ್ನು ಉಚ್ಚರಿಸಿದೊಡನೆ ನಾಶವು ನಾಶವಾಗಿ ಉಳಿಯುವುದಿಲ್ಲ. ಅದು ಕೇವಲ ಸ್ಥಳಾಂತರವಾಗುತ್ತದೆ, ಕಡತದಲ್ಲಿ ಒಂದು ಕಾಲಂ ತುಂಬುತ್ತದೆ, ಅನುಮತಿಪತ್ರಕ್ಕೆ ಮುದ್ರೆ ಬೀಳುತ್ತದೆ. ಮನುಷ್ಯನ ಜಾಣ್ಮೆ ಮತ್ತು ಯಂತ್ರದ ಶಕ್ತಿ ಸೇರಿದರೆ ನಿಸರ್ಗದ ಯಾವ ತುಂಡನ್ನಾದರೂ ಎತ್ತಿ ಬೇರೆಡೆ ಇಟ್ಟು ಬದುಕಿಸಬಹುದು ಎಂಬ ನಂಬಿಕೆ ಈ ಶಬ್ದದ ಬೆನ್ನಿಗಿದೆ.

ಈ ನಂಬಿಕೆಯನ್ನು ಪರೀಕ್ಷಿಸಲು ಸರ್ಕಾರಿ ನೆಡುತೋಪುಗಳಿಗಿಂತ ಉತ್ತಮವಾದ ಸ್ಥಳವೊಂದಿದೆ. ನೆಡುತೋಪಿನಲ್ಲಿ ಸಸಿ ಸತ್ತರೆ ಮಳೆ ಕಡಿಮೆಯಾಯಿತೆಂದೋ ದನ ತಿಂದವೆಂದೋ ನೆಪ ಹೇಳಬಹುದು. ನೆಪಕ್ಕೆ ಎಡೆಯೇ ಇಲ್ಲದ ಕಡೆ, ಹಣದ ಕೊರತೆಯಿಲ್ಲದ ಕಡೆ, ನಿತ್ಯ ಪ್ರೀತಿಯಿಂದ ನೋಡಿಕೊಳ್ಳುವವರಿರುವ ಕಡೆ ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಅಂಥ ಸ್ಥಳವೆಂದರೆ ಜರ್ಮನಿ, ಅಮೆರಿಕದಂಥ ದೇಶಗಳ ಉಳ್ಳವರ ಮನೆಗಳಲ್ಲಿರುವ ಹವಳದ ತೊಟ್ಟಿ. ಆ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಹಗಲಿರುಳು ದುಡಿಯುವ ಒಂದು ಯಂತ್ರವಿದೆ. ಅದರ ಹೆಸರು ಕ್ಯಾಲ್ಸಿಯಂ ರಿಯಾಕ್ಟರ್. ಬೆಟ್ಟದ ಮೇಲಿನ ಹಳ್ಳಿಗೂ ಈ ಯಂತ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಸರಳ: ಈ ಯಂತ್ರ ಮಾಡುವ ಕೆಲಸವನ್ನು ಅರಿತವರು ‘ಬದಲಿ’ ಎಂಬ ಶಬ್ದಕ್ಕೆ ಮತ್ತೆ ಮರುಳಾಗಲಾರರು.

ಸುಣ್ಣ ಕರಗುವ, ಸುಣ್ಣ ಕಟ್ಟುವ ಬಗೆ

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಸಾವಿರಾರು ಸಣ್ಣ ಜೀವಿಗಳ ಒಕ್ಕಲು. ಒಂದೊಂದು ಜೀವಿಯೂ ತನ್ನ ಬುಡದಲ್ಲಿ ಸುಣ್ಣದ ಆಸನವೊಂದನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಕಡಲ ನೀರಿನಲ್ಲಿಯೇ ಕರಗಿದೆ: ಒಂದು ಕ್ಯಾಲ್ಸಿಯಂ, ಇನ್ನೊಂದು ಬೈಕಾರ್ಬೊನೇಟ್. ಇವೆರಡನ್ನು ಕೂಡಿಸಿ ಹವಳವು ಕ್ಯಾಲ್ಸಿಯಂ ಕಾರ್ಬೊನೇಟನ್ನು, ಎಂದರೆ ಸುಣ್ಣಕಲ್ಲಿನ ಸತ್ವವನ್ನು, ರಚಿಸುತ್ತದೆ. ಹಾಗೆ ರಚಿಸುವಾಗ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಮಲೆನಾಡಿನವರಿಗೆ ಈ ರಸಾಯನಶಾಸ್ತ್ರ ಅಪರಿಚಿತವೇನಲ್ಲ. ಗಡಸು ನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಹತ್ತುವ ಬಿಳಿಯ ಪೊರೆ ಇದೇ ಕ್ರಿಯೆಯ ಫಲ. ಇದರ ವಿಲೋಮವೂ ಅವರ ಕಣ್ಣೆದುರಿಗೇ ಇದೆ. ಉತ್ತರ ಕನ್ನಡದ ಯಾಣದಲ್ಲಿ ಕಾಡಿನ ನಡುವೆ ನಿಂತಿರುವ ಭೈರವೇಶ್ವರ ಶಿಖರ ಮತ್ತು ಮೋಹಿನಿ ಶಿಖರಗಳು ಸುಣ್ಣಕಲ್ಲಿನ ರಾಶಿಗಳು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಯುಗಯುಗಗಳ ಕಾಲ ಕಲ್ಲನ್ನು ನೆಕ್ಕಿ ಕರಗಿಸಿದುದರಿಂದಲೇ ಸುಣ್ಣಕಲ್ಲಿನ ನಾಡುಗಳಲ್ಲಿ ಗವಿಗಳೂ ಮೊನಚು ಶಿಖರಗಳೂ ಮೂಡಿವೆ. ಹೀಗೆ ನೆಲದಲ್ಲಿ ಕರಗಿದ ಸುಣ್ಣವನ್ನು ಹೊಳೆಗಳು ಕಡಲಿಗೆ ಒಯ್ಯುತ್ತವೆ. ಕಡಲಿನಲ್ಲಿ ಚಿಪ್ಪು, ಶಂಖ, ಹವಳಗಳು ಅದನ್ನು ಮತ್ತೆ ಕಲ್ಲಾಗಿಸುತ್ತವೆ. ಬೆಟ್ಟ ಮತ್ತು ಕಡಲಿನ ನಡುವೆ ನಡೆಯುವ ಈ ಕೊಡುಕೊಳ್ಳುವಿಕೆಗೆ ಯಾವ ಇಲಾಖೆಯೂ ಇಲ್ಲ, ಬಜೆಟ್ಟೂ ಇಲ್ಲ.

ಗಾಜಿನ ತೊಟ್ಟಿಗೆ ಹೊಳೆ ಬಂದು ಸೇರುವುದಿಲ್ಲ. ಅಲ್ಲಿರುವ ಹವಳಗಳು ನೀರಿನ ಸುಣ್ಣವನ್ನು ಉಂಡು ಮುಗಿಸಿದರೆ ಹೊಸದನ್ನು ತಂದುಕೊಡುವವರು ಬೇಕು. ಮೊದಮೊದಲು ಯುರೋಪಿನ ಹವ್ಯಾಸಿಗಳು ಸುಣ್ಣದ ತಿಳಿನೀರನ್ನೇ ತೊಟ್ಟಿಗೆ ಹನಿಸುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಅದಕ್ಕೆ ‘ಕಾಲ್ಕ್‌ವಾಸರ್’ ಎಂದು ಹೆಸರು. ಅರ್ಥ ಸುಣ್ಣದ ನೀರು, ಅಷ್ಟೇ. ಹವಳಗಳು ಹೆಚ್ಚಿದಂತೆ, ಬೆಳೆದಂತೆ ಆ ತಿಳಿನೀರು ಸಾಲದಾಯಿತು. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಿಂದ ಹೊರಟು ಲೋಕದ ಹವ್ಯಾಸಿಗಳ ನಡುವೆ ಹಬ್ಬಿದ್ದು ಕ್ಯಾಲ್ಸಿಯಂ ರಿಯಾಕ್ಟರ್.

ಅದರ ತತ್ವ ಯಾಣದ ಮಳೆಯ ತತ್ವವೇ. ಒಂದು ಕೊಳವೆಯಾಕಾರದ ಪಾತ್ರೆಯಲ್ಲಿ ಸುಣ್ಣದ ಹರಳುಗಳನ್ನು ತುಂಬುತ್ತಾರೆ. ತೊಟ್ಟಿಯ ನೀರನ್ನು ಅದರೊಳಕ್ಕೆ ಹರಿಸಿ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತಾರೆ. ನೀರು ಹುಳಿಯಾಗಿ ಹರಳುಗಳನ್ನು ಕರಗಿಸುತ್ತದೆ. ಸುಣ್ಣ ತುಂಬಿಕೊಂಡ ಆ ನೀರು ಹನಿಹನಿಯಾಗಿ ತೊಟ್ಟಿಗೆ ಮರಳುತ್ತದೆ. ಇಲ್ಲಿ ಒಂದು ಕ್ರೂರ ಸಂಗತಿಯಿದೆ. ಪಾತ್ರೆಯೊಳಗಿನ ಹರಳುಗಳು ಅನೇಕ ವೇಳೆ ಬೇರೇನೂ ಅಲ್ಲ, ಸತ್ತ ಹವಳದ ಚೂರುಗಳು. ಜೀವಂತ ಹವಳವೊಂದನ್ನು ಮನೆಯಲ್ಲಿ ಸಾಕಲು ಎಲ್ಲಿಯೋ ಸತ್ತ ಹವಳದ ಮೂಳೆಯನ್ನು ಆಮ್ಲದಲ್ಲಿ ಕರಗಿಸಲಾಗುತ್ತದೆ.

ನಾನೂರು ಲೀಟರಿನ ಚಾಕರಿ

ಹವಳಗಳು ಚೆನ್ನಾಗಿ ತುಂಬಿದ 400 ಲೀಟರಿನ ತೊಟ್ಟಿಯೊಂದನ್ನು ಲೆಕ್ಕಕ್ಕೆ ಹಿಡಿಯಬಹುದು. ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂನಷ್ಟಿರಬೇಕು. ಬೈಕಾರ್ಬೊನೇಟಿನ ಅಳತೆಯಾದ ಕ್ಷಾರತೆ, ಹವ್ಯಾಸಿಗಳು ಬಳಸುವ ಜರ್ಮನ್ ಡಿಗ್ರಿಯಲ್ಲಿ, 8ರಿಂದ 9ರ ನಡುವೆ ಇರಬೇಕು. ಇಂಥ ತೊಟ್ಟಿಯ ಹವಳಗಳು ದಿನಕ್ಕೆ 20 ಗ್ರಾಂ ಸುಣ್ಣ ಕಟ್ಟಿದವೆನ್ನೋಣ. ಕ್ಯಾಲ್ಸಿಯಂ 420ರಿಂದ 400ಕ್ಕೆ ಇಳಿಯುತ್ತದೆ. ಇಪ್ಪತ್ತರಲ್ಲೊಂದು ಪಾಲು ಮಾತ್ರ. ಆದರೆ ಕ್ಷಾರತೆ ಅದೇ ಒಂದು ದಿನದಲ್ಲಿ 8.4ರಿಂದ 5.6ಕ್ಕೆ ಕುಸಿಯುತ್ತದೆ; ಮೂರರಲ್ಲೊಂದು ಪಾಲೇ ಹೋಯಿತು. ಯಂತ್ರದ ಹೆಸರಿನಲ್ಲಿ ಕ್ಯಾಲ್ಸಿಯಂ ಇದ್ದರೂ ಬಲ್ಲವರು ನಿತ್ಯ ಅಳೆಯುವುದು ಕ್ಷಾರತೆಯನ್ನೇ. ಒಂದೆರಡು ದಿನದ ಅಲಕ್ಷ್ಯಕ್ಕೆ ಅಲ್ಲಿ ಅವಕಾಶವಿಲ್ಲ.

ಈ ನಷ್ಟವನ್ನು ತುಂಬಲು ಯಂತ್ರದಿಂದ ದಿನಕ್ಕೆ ಸುಮಾರು 40 ಲೀಟರ್ ಸುಣ್ಣದ ನೀರು ಬರಬೇಕು, ಎಂದರೆ ನಿಮಿಷಕ್ಕೆ 28 ಮಿಲಿಲೀಟರಿನಷ್ಟು. ಹನಿ ಹೆಚ್ಚಾದರೆ ನೀರು ಪಾತ್ರೆಯಲ್ಲಿ ನಿಲ್ಲದೆ ಸುಣ್ಣ ಹೀರದೆ ಹೊರಬರುತ್ತದೆ. ಹನಿ ಕಡಿಮೆಯಾದರೆ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ. ಪಾತ್ರೆಯೊಳಗಿನ ಆಮ್ಲತೆಯ ಸೂಚಿ, ಪಿಎಚ್, ಸಾಮಾನ್ಯವಾಗಿ 6.5ರ ಸುತ್ತ ನಿಲ್ಲಬೇಕು. ಅದಕ್ಕಿಂತ ಬಹಳ ಮೇಲೇರಿದರೆ ಸುಣ್ಣ ಕರಗದು. ಬಹಳ ಕೆಳಗಿಳಿದರೆ ಹರಳುಗಳು ಗಂಜಿಯಂತಾಗಿ ಪಾತ್ರೆಯನ್ನೇ ಮುಚ್ಚಿಬಿಡುತ್ತವೆ. ಇದನ್ನು ಕಾಯಲು ಒಂದು ಸಂವೇದಕ. ಸಂವೇದಕದ ಮಾತು ಕೇಳಿ ಅನಿಲವನ್ನು ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್. ಸಂವೇದಕವೇ ಸುಳ್ಳು ಹೇಳದಂತೆ ಅದನ್ನು ಆಗಾಗ ತಿಳಿದ ಪಿಎಚ್‌ನ ದ್ರಾವಣದಲ್ಲಿ ಅದ್ದಿ ಸರಿಪಡಿಸುವ ಕೆಲಸ. ಅಡಿಕೆಗೆ ಕೊಳೆಮದ್ದು ಹೊಡೆಯುವ ಕೃಷಿಕರು ಮೈಲುತುತ್ತ ಮತ್ತು ಸುಣ್ಣದ ಹದವನ್ನು ಕತ್ತಿಯ ಅಲಗು ಅದ್ದಿ ನೋಡುತ್ತಾರೆ; ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅರಿಯುತ್ತಾರೆ. ಅವರಿಗದು ಮಳೆಗಾಲದಲ್ಲಿ ಎರಡು ಮೂರು ಬಾರಿಯ ಕೆಲಸ. ತೊಟ್ಟಿಯ ಒಡೆಯನಿಗೆ ಇದು ವರ್ಷದ 365 ದಿನಗಳ ಕೆಲಸ.

ವಾಲ್ವ್ ತೆರೆದಂತೆಯೇ ಸಿಕ್ಕಿಕೊಂಡರೆ ರಾತ್ರಿಯಿಡೀ ಅನಿಲ ಹರಿದು ತೊಟ್ಟಿಯ ನೀರೇ ಹುಳಿಯಾಗುತ್ತದೆ. ವರ್ಷಗಟ್ಟಲೆ ಬೆಳೆಸಿದ್ದು ಬೆಳಗಾಗುವಷ್ಟರಲ್ಲಿ ಹೋಗಬಹುದು. ಎಲ್ಲವೂ ಸರಿಯಿದ್ದಾಗಲೂ ಯಂತ್ರದಿಂದ ಬರುವ ನೀರಿನಲ್ಲಿ ಮಿಕ್ಕ ಇಂಗಾಲದ ಡೈಆಕ್ಸೈಡ್ ತೊಟ್ಟಿಯ ಪಿಎಚ್ ಇಳಿಸುತ್ತಲೇ ಇರುತ್ತದೆ. ಅದನ್ನು ತಗ್ಗಿಸಲು ಹರಳು ತುಂಬಿದ ಎರಡನೆಯ ಪಾತ್ರೆ, ಅದೂ ಸಾಲದಾದರೆ ಮತ್ತೆ ಹಳೆಯ ಸುಣ್ಣದ ತಿಳಿನೀರು. ಹರಳಿನೊಡನೆ ಕರಗಿಬರುವ ಫಾಸ್ಫೇಟ್ ಪಾಚಿಯನ್ನು ಬೆಳೆಸುತ್ತದೆ; ಅದನ್ನು ತೆಗೆಯಲು ಇನ್ನೊಂದು ಉಪಕರಣ. ಮೆಗ್ನೀಸಿಯಂ ಸಾಲದೆ ಬಂದರೆ ಅದಕ್ಕೊಂದು ಬೇರೆ ಪೂರೈಕೆ. ಒಂದು ಯಂತ್ರದ ದೋಷವನ್ನು ಇನ್ನೊಂದು ಯಂತ್ರ ತಿದ್ದುತ್ತದೆ. ಆ ಇನ್ನೊಂದರ ದೋಷಕ್ಕೆ ಮೂರನೆಯದು ಹುಟ್ಟುತ್ತದೆ.

ಲೆಕ್ಕವನ್ನು ವರ್ಷಕ್ಕೆ ವಿಸ್ತರಿಸಿದರೆ ಈ ಒಂದು ತೊಟ್ಟಿಗೆ 7 ಕಿಲೋಗ್ರಾಂಗೂ ಮಿಕ್ಕಿ ಸುಣ್ಣದ ಹರಳು, ಅದನ್ನು ಕರಗಿಸಲು ಕನಿಷ್ಠ 3 ಕಿಲೋಗ್ರಾಂ ಅನಿಲ ಬೇಕು. ಪಂಪು, ದೀಪ, ನೀರು ತಂಪಿಸುವ ಯಂತ್ರಗಳೆಲ್ಲ ಸೇರಿ ಸರಾಸರಿ 300 ವಾಟ್ ಎಂದು ಹಿಡಿದರೂ ತಿಂಗಳಿಗೆ 216 ಯೂನಿಟ್ ವಿದ್ಯುತ್ತು ಬೇಕು. 2023ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಇಡೀ ಮನೆಯೊಂದಕ್ಕೆ ಇಟ್ಟ ತಿಂಗಳ ಮಿತಿ 200 ಯೂನಿಟ್. ಕರೆಂಟು ಹೋಗಿ ನೀರಿನ ಚಲನೆ ನಿಂತರೆ ಕೆಲವೇ ಗಂಟೆಗಳಲ್ಲಿ ಪ್ರಾಣವಾಯು ಕುಗ್ಗಿ ಜೀವಿಗಳು ಸಾಯತೊಡಗುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕಾರು ದಿನ ಕತ್ತಲಲ್ಲಿರುವುದು ರೂಢಿಯಾಗಿರುವ ಮಲೆನಾಡಿನ ಹಳ್ಳಿಗಳಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿ ಪಡೆದದ್ದಾದರೂ ಏನು? ಕೆಲವು ಬಗೆಯ ಹವಳ, ಕೆಲವು ಮೀನು, ಮನಸ್ಸಿಗೆ ಮುದ ಕೊಡುವ ಬಣ್ಣ. ಅಲೆಯನ್ನು ತಡೆದು ದ್ವೀಪವನ್ನು ಕಾಯುವ ಕೆಲಸ ತೊಟ್ಟಿಯಿಂದಾಗದು. ಮೀನುಗಾರನ ಬಲೆಗೆ ಅದರಿಂದ ಮೀನು ಬೀಳದು. ತೊಟ್ಟಿಗೆ ತಂದ ಹವಳವಾದರೂ ಎಲ್ಲಿಯದು? ಬಹುಕಾಲ ಅದು ಇಂಡೋನೇಷ್ಯದಂಥ ದೇಶಗಳ ಕಡಲಿನಿಂದ ಕಿತ್ತದ್ದು. ಅದರ ಅತಿ ದೊಡ್ಡ ಗ್ರಾಹಕ ಅಮೆರಿಕ. ಆ ವ್ಯಾಪಾರ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದ್ದರೂ 2018ರಲ್ಲಿ ಇಂಡೋನೇಷ್ಯ ಸರ್ಕಾರ ರಫ್ತನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಭಾರತವು 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಹುಲಿಯ ಸಾಲಿಗೆ, ಸೇರಿಸಿತು. ಕಾಯಿದೆ ಬರೆದವರಿಗೆ ಹವಳದ ಬೆಲೆ ತಿಳಿದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ವಾಲ್ವ್ ಇಲ್ಲದ ಸಿಲಿಂಡರು

ತೊಟ್ಟಿಯ ಒಡೆಯ ತನ್ನ ಸಿಲಿಂಡರಿನ ಅನಿಲವನ್ನು ಗುಳ್ಳೆಯ ಲೆಕ್ಕದಲ್ಲಿ ಬಿಡುತ್ತಾನೆ. ಅದೇ ಅನಿಲವನ್ನು ಲೋಕದ ಕಾರ್ಖಾನೆಗಳು, ವಾಹನಗಳು, ಕಲ್ಲಿದ್ದಲ ವಿದ್ಯುತ್ ಕೇಂದ್ರಗಳು ಲೆಕ್ಕವಿಲ್ಲದೆ ಬಿಡುತ್ತಿವೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ. ಹೊರಬಿದ್ದ ಅನಿಲದ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಂಡಿದೆ. ಪರಿಣಾಮವಾಗಿ ಕಡಲ ಮೇಲ್ಪದರದ ಸರಾಸರಿ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಚಿಕ್ಕದಾಗಿ ಕಾಣುತ್ತದೆ. ಆದರೆ ಪಿಎಚ್‌ನ ಅಳತೆಗೋಲಿನಲ್ಲಿ ಇಷ್ಟು ಇಳಿತವೆಂದರೆ ಆಮ್ಲತೆ ಶೇಕಡ 25ಕ್ಕೂ ಹೆಚ್ಚು ಏರಿದಂತೆ. ಕಡಲ ನೀರು ಹುಳಿಯಾದಷ್ಟೂ ಹವಳಕ್ಕೆ ಸುಣ್ಣ ಕಟ್ಟುವುದು ಕಷ್ಟ. ಲೋಕದ ಕಡಲೇ ನಿಧಾನವಾಗಿ ಒಂದು ರಿಯಾಕ್ಟರಿನ ಪಾತ್ರೆಯಾಗುತ್ತಿದೆ. ಹರಳುಗಳ ಜಾಗದಲ್ಲಿ ಇರುವುದು ಜೀವಂತ ಹವಳ. ಮುಚ್ಚಲು ವಾಲ್ವ್ ಇಲ್ಲ. ತಿದ್ದಲು ಎರಡನೆಯ ಪಾತ್ರೆ ಇಲ್ಲ.

ಆಮ್ಲಕ್ಕಿಂತ ಮೊದಲೇ ಶಾಖ ಕೊಲ್ಲುತ್ತಿದೆ. ನೀರು ಅತಿಯಾಗಿ ಬಿಸಿಯಾದಾಗ ಹವಳವು ತನ್ನೊಳಗಿದ್ದು ಅನ್ನ ಕೊಡುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2023ರಲ್ಲಿ ಆರಂಭವಾದ ಜಾಗತಿಕ ಬಿಳಿಚಿಕೆಯ ಶಾಖ ಲೋಕದ ಹವಳ ಪ್ರದೇಶದ ಶೇಕಡ 84ರಷ್ಟನ್ನು ತಟ್ಟಿದೆ ಎಂಬುದು 2025ರಲ್ಲಿ ಪ್ರಕಟವಾದ ಲೆಕ್ಕ. ಲಕ್ಷದ್ವೀಪದಲ್ಲಿ 1998, 2010, 2016ರ ಬಿಸಿನೀರಿನ ಹೊಡೆತಗಳಿಂದ ಜೀವಂತ ಹವಳದ ಹೊದಿಕೆ ಎರಡೂವರೆ ದಶಕಗಳೊಳಗೆ ಸುಮಾರು ಅರ್ಧಕ್ಕೆ ಇಳಿದಿದೆ. 2024ರಲ್ಲಿ ಮತ್ತೆ ಬಿಳಿಚಿಕೆ ಬಂತು. ತೊಟ್ಟಿಗೆ ತಂಪಿಸುವ ಯಂತ್ರ ಜೋಡಿಸಬಹುದು. ಅರಬ್ಬೀ ಸಮುದ್ರಕ್ಕೆ ಅಂಥದನ್ನು ಯಾರು ಜೋಡಿಸುತ್ತಾರೆ?

ದೊಡ್ಡ ಪೆಟ್ಟಿಗೆಯ ಪಾಠ

ತೊಟ್ಟಿ ಚಿಕ್ಕದಾದ್ದರಿಂದ ಸಮತೋಲ ಕಷ್ಟವಾಯಿತು, ದೊಡ್ಡದಾಗಿ ಕಟ್ಟಿದರೆ ಸಾಧ್ಯವಾಗುತ್ತದೆ ಎಂಬ ವಾದವುಂಟು. ಅದನ್ನೂ ಮಾಡಿ ನೋಡಲಾಗಿದೆ. ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ‘ಬಯೋಸ್ಫಿಯರ್ 2’ ಎಂಬ ಗಾಜಿನ ಮನೆಯನ್ನು ಕಟ್ಟಲಾಯಿತು. ಮೂರು ಎಕರೆಯಷ್ಟು ಜಾಗದಲ್ಲಿ ಮಳೆಕಾಡು, ಹುಲ್ಲುಗಾವಲು, ಮರುಭೂಮಿ, ಹೊಲ. ಜೊತೆಗೆ ಸುಮಾರು 26 ಲಕ್ಷ ಲೀಟರಿನ ಕೃತಕ ಕಡಲು, ಅದರಲ್ಲಿ ಹವಳದ ದಿಬ್ಬ. 1991ರ ಸೆಪ್ಟೆಂಬರಿನಲ್ಲಿ ಎಂಟು ಜನ ಒಳಹೊಕ್ಕು ಬಾಗಿಲು ಹಾಕಿಕೊಂಡರು. ಭೂಮಿಯಂಥ ಇನ್ನೊಂದು ಭೂಮಿಯನ್ನು ಪೆಟ್ಟಿಗೆಯಲ್ಲಿ ನಡೆಸಿ ತೋರಿಸುವುದು ಅವರ ಹಂಬಲವಾಗಿತ್ತು.

ಒಳಗಿನ ಪ್ರಾಣವಾಯು ತಿಂಗಳುಗಳು ಕಳೆದಂತೆ ಕುಗ್ಗುತ್ತ ಶೇಕಡ 21ರಿಂದ 14ರ ಆಸುಪಾಸಿಗೆ ಇಳಿಯಿತು. 1993ರ ಆರಂಭದಲ್ಲಿ ಹೊರಗಿನಿಂದ ಪ್ರಾಣವಾಯು ತುಂಬಿಸಬೇಕಾಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಪ್ರಾಣವಾಯುವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಆದರೆ ಆ ಅನಿಲದ ಲೆಕ್ಕವೂ ಕೂಡಿಬರಲಿಲ್ಲ. ಕೊನೆಗೆ ತಿಳಿದುಬಂದುದೇನೆಂದರೆ, ಕಟ್ಟಡದ ಕಾಂಕ್ರೀಟಿನೊಳಗಿನ ಸುಣ್ಣ ಅದನ್ನು ಹೀರಿ ಸುಣ್ಣಕಲ್ಲಾಗಿಸುತ್ತಿತ್ತು. ಗೋಡೆಯೇ ಉಸಿರನ್ನು ನುಂಗಿತ್ತು! ಕೋಟ್ಯಂತರ ಡಾಲರು ಖರ್ಚು ಮಾಡಿ ಯೋಜಿಸಿದ ತಜ್ಞರ ಲೆಕ್ಕದಲ್ಲಿ ಸುಣ್ಣದ ಈ ಸಾಮಾನ್ಯ ಗುಣ ಬಿಟ್ಟುಹೋಗಿತ್ತು. ಸುಣ್ಣ ಬಳಿದ ಗೋಡೆ ದಿನಗಳೆದಂತೆ ಗಟ್ಟಿಯಾಗುವುದನ್ನು ಕಂಡ ಯಾವ ಹಳ್ಳಿಗನಿಗೂ ಆ ಗುಣದ ಪರಿಚಯವಿದೆ. ಪರಾಗಸ್ಪರ್ಶ ಮಾಡುವ ಕೀಟಗಳು ಒಳಗೆ ಅಳಿದುಹೋದವು. ಇರುವೆ, ಜಿರಳೆಗಳು ವಿಜೃಂಭಿಸಿದವು.

ಮುಂದೆ ಅದೇ ಕೃತಕ ಕಡಲು ವಿಜ್ಞಾನಕ್ಕೆ ಒಂದು ದೊಡ್ಡ ಉಪಕಾರ ಮಾಡಿತು. ನೀರಿನ ರಾಸಾಯನಿಕ ಸ್ಥಿತಿಯನ್ನು ಬದಲಿಸುತ್ತ ಹೋದ ಕ್ರಿಸ್ ಲ್ಯಾಂಗ್ಡನ್ ಮತ್ತು ಸಂಗಡಿಗರು, ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಹವಳದ ದಿಬ್ಬ ಸುಣ್ಣ ಕಟ್ಟುವ ವೇಗ ಕುಗ್ಗುತ್ತದೆಂದು 2000ದಲ್ಲಿ ಪ್ರಕಟಿಸಿದರು. ಪೆಟ್ಟಿಗೆ ಕಲಿಸಿದ ಪಾಠವೆಂದರೆ ಇದು: ಪೆಟ್ಟಿಗೆಯ ಹೊರಗಿನದನ್ನು ಕೆಡಿಸಬೇಡಿ.

ಅದು ಕೇವಲ ಪ್ರಯೋಗ ಎನ್ನುವವರು ಫ್ಲಾರಿಡಾವನ್ನು ನೋಡಬಹುದು. ಅಲ್ಲಿ ಕೊಂಬಿನಾಕಾರದ ಎರಡು ಜಾತಿಯ ಹವಳಗಳನ್ನು ಉಳಿಸಲು ದಶಕಗಳ ಕಾಲ ಕಡಲೊಳಗೇ ನರ್ಸರಿ ಮಾಡಿ, ತುಂಡುಗಳನ್ನು ಬೆಳೆಸಿ, ದಿಬ್ಬಕ್ಕೆ ನೆಡಲಾಗಿತ್ತು. ನಿಷ್ಠೆಗೂ ಕೊರತೆಯಿರಲಿಲ್ಲ, ಹಣಕ್ಕೂ ಇರಲಿಲ್ಲ. 2023ರ ಬೇಸಿಗೆಯಲ್ಲಿ ಅಲ್ಲಿನ ಆಳವಿಲ್ಲದ ಕೊಲ್ಲಿಯೊಂದರಲ್ಲಿ ನೀರು 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ನರ್ಸರಿಯ ಹವಳಗಳನ್ನು ಅವಸರದಿಂದ ಎತ್ತಿ ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಿದರು. ದಿಬ್ಬದ ಮೇಲಿದ್ದವು ಉಳಿಯಲಿಲ್ಲ. ಫ್ಲಾರಿಡಾದ ದಿಬ್ಬಗಳಲ್ಲಿ ಆ ಎರಡೂ ಜಾತಿಗಳು ಇನ್ನು ದಿಬ್ಬ ಕಟ್ಟುವ ಶಕ್ತಿಯಾಗಿ ಉಳಿದಿಲ್ಲವೆಂದು ವಿಜ್ಞಾನಿಗಳು 2025ರಲ್ಲಿ ಸಾರಿದರು. ತೊಟ್ಟಿಯೊಳಗೆ ಬೀಜ ಉಳಿಯಿತು. ಬಿತ್ತುವ ಹೊಲ ಉಳಿಯಲಿಲ್ಲ.

ಹದಿನಾರು ಸಾವಿರದ ನೂರ ಐವತ್ತು

ಈಗ ಇದೇ ನಂಬಿಕೆಯ ಭಾರತೀಯ ರೂಪವನ್ನು ನೋಡಬೇಕು. ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯಲ್ಲಿ ಬೃಹತ್ ಬಂದರು, ಅದರ ಜೊತೆಗೆ ವಿಮಾನ ನಿಲ್ದಾಣ, ವಿದ್ಯುತ್ ಕೇಂದ್ರ, ನಗರ ನಿರ್ಮಿಸುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ದೊರೆಯಿತು. ಕಡತದ ಪ್ರಕಾರ ಅಲ್ಲಿರುವ ಹವಳದ ಒಕ್ಕಲುಗಳು 20,668. ಅವುಗಳಲ್ಲಿ 16,150ನ್ನು ಎತ್ತಿ ಬೇರೆಡೆ ನೆಡಲಾಗುವುದಂತೆ. ಉಳಿದ 4,518ರ ಗತಿಯೇನೆಂಬ ಪ್ರಶ್ನೆಯನ್ನು 2023ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶವೇ ಎತ್ತಿತ್ತು. ಅದೇ ಯೋಜನೆಗಾಗಿ 130 ಚದರ ಕಿಲೋಮೀಟರಿಗೂ ಹೆಚ್ಚು ಉಷ್ಣವಲಯದ ಮಳೆಕಾಡನ್ನು ಬಿಟ್ಟುಕೊಡಲು ಒಪ್ಪಿಗೆಯಾಯಿತು. ಅದಕ್ಕೆ ಬದಲಾಗಿ ಕಾಡು ಬೆಳೆಸುವುದು ಹರಿಯಾಣದಲ್ಲಿ!

ಒಂದು 400 ಲೀಟರಿನ ತೊಟ್ಟಿಯಲ್ಲಿ ಬೆರಳೆಣಿಕೆಯ ಹವಳಗಳನ್ನು ಉಳಿಸಲು ಸಂವೇದಕ, ವಾಲ್ವ್, ಎರಡು ಪಾತ್ರೆ, ನಿತ್ಯ ಪರೀಕ್ಷೆ ಮತ್ತು ಮೈಯೆಲ್ಲ ಕಣ್ಣಾಗಿ ಕಾಯುವ ಒಬ್ಬ ಒಡೆಯ ಬೇಕು. 16,150 ಒಕ್ಕಲುಗಳ ಹೊಸ ಮನೆಯಲ್ಲಿ ಕ್ಷಾರತೆಯನ್ನು ಅಳೆಯುವವರು ಯಾರು? ಬಂದರಿನ ಹೂಳೆತ್ತುವ ಯಂತ್ರ ಎಬ್ಬಿಸಿದ ಕೆಸರು ಹೊಸ ಜಾಗವನ್ನೂ ಮುಟ್ಟಿದರೆ ಅದನ್ನು ತಡೆಯುವವರು ಯಾರು? ಐದು ವರ್ಷದ ಗುತ್ತಿಗೆ ಮುಗಿದ ಮೇಲೆ, ಐವತ್ತು ವರ್ಷದ ಬೆಳವಣಿಗೆಗೆ ಹೊಣೆ ಯಾರು? ಹವಳ ನಿಂತ ಜಾಗವನ್ನು ಹವಳವೇ ಆರಿಸಿಕೊಂಡಿದೆ: ಬೆಳಕು, ಹರಿವು, ಉಪ್ಪು, ಆಳ ಎಲ್ಲ ಕೂಡಿಬಂದ ಕಡೆ ತಲೆಮಾರುಗಳ ಮೇಲೆ ತಲೆಮಾರು ಕುಳಿತು ದಿಬ್ಬವಾಗಿದೆ. ಹೊಸ ಜಾಗ ಅಷ್ಟು ಯೋಗ್ಯವಾಗಿದ್ದರೆ ಅಲ್ಲಿ ಇಷ್ಟುಹೊತ್ತಿಗೆ ಹವಳ ಏಕೆ ಇಲ್ಲ? ಇದ್ದರೆ, ಹೊಸಬರಿಗೆ ಜಾಗವೆಲ್ಲಿ?

ಬೆಟ್ಟದವರಿಗೆ ಇದರಿಂದೇನು

ಕಡಲಿನ ಮಾತನ್ನು ಬೆಟ್ಟದವರು ಕೇಳಬೇಕಾದ ಕಾರಣ ಎರಡು. ಮೊದಲನೆಯದು, ಬೆಟ್ಟದ ಹೊಳೆಗಳೇ ಕಡಲಿನ ಸ್ಥಿತಿಯನ್ನು ತೀರ್ಮಾನಿಸುತ್ತವೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯ ಸುತ್ತ ಕರ್ನಾಟಕದ ಹವಳವಿದೆ. ನೌಕಾಪಡೆಯ ಗುರಿ ಅಭ್ಯಾಸಕ್ಕೂ ಮುಳುಗುಗಾರರ ಪ್ರವಾಸಕ್ಕೂ ಮೈಯೊಡ್ಡಿದ ಆ ದ್ವೀಪದ ಎದುರಿನ ಕರಾವಳಿಗೆ ಶರಾವತಿ, ಅಘನಾಶಿನಿಗಳು ನೀರು ತರುತ್ತವೆ. ಗುಡ್ಡ ಸೀಳಿದ ರಸ್ತೆಯ ಮಣ್ಣು, ಬೋಳಾದ ಇಳಿಜಾರಿನ ಮಣ್ಣು ಹೊಳೆಗೆ ಇಳಿದರೆ ಅದು ಕಡೆಗೆ ಸೇರುವುದು ಕಡಲನ್ನೇ. ಕೆಸರು ಕವಿದ ನೀರಿನಲ್ಲಿ ಹವಳಕ್ಕೆ ಬೆಳಕಿಲ್ಲ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಹವಳಕ್ಕೆ ಹೇಳಿದ ಸುಳ್ಳನ್ನೇ ಕಾಡಿಗೂ ಹೇಳಲಾಗುತ್ತಿದೆ. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಡೆ ಉಳಿದಿರುವ ರಾಮಪತ್ರೆ ಜಡ್ಡಿಯನ್ನು ನೋಡಿದವರಿಗೆ ಹವಳದ ದಿಬ್ಬ ನೋಡಬೇಕಾಗಿಲ್ಲ. ಎರಡೂ ಒಂದೇ ಬಗೆಯ ರಚನೆಗಳು. ವರ್ಷವಿಡೀ ಒಸರುವ ನೀರು, ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದು ಉಸಿರಾಡುವ ಬೇರು, ಕಾಯಿ ನುಂಗಿ ಬೀಜ ಒಯ್ಯುವ ಮಂಗಟ್ಟೆ, ಮೇಲಿನ ಕಾನಿನ ನೆರಳು. ಇದರಲ್ಲಿ ಯಾವುದನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಬಯಲಿನಲ್ಲಿ ಇಳಿಸಬಹುದು? 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆ ಹಣಕ್ಕೆ ಲೆಕ್ಕ ಇಟ್ಟಿದೆ, ಮಂಗಟ್ಟೆಗೆ ಇಟ್ಟಿಲ್ಲ. 1980ರ ದಶಕದಿಂದ ಮಲೆನಾಡಿನ ಬೇಣಗಳಲ್ಲಿ ಎದ್ದುನಿಂತ ಅಕೇಶಿಯಾ ತೋಪುಗಳೂ ಕಡತದಲ್ಲಿ ಹಸಿರೇ. ಅವುಗಳ ಕೆಳಗೆ ಹುಲ್ಲೂ ಹುಟ್ಟದಿದ್ದುದನ್ನು ಕಂಡವರು ದನ ಕಾಯುವವರು ಮಾತ್ರ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತಲೆಯೆತ್ತಿದಾಗಲೂ ಬದಲಿಯ ಭರವಸೆಯಿತ್ತು. ಶರಾವತಿಯ ಮುಳುಗಡೆಯ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದಾರೆ. ಅದೇ ಕೊಳ್ಳದಲ್ಲಿ, ಸಿಂಗಳೀಕದ ಅಭಯಾರಣ್ಯದೊಳಗೆ, 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಾಗ ಮತ್ತೆ ಅದೇ ಶಬ್ದ ಕೇಳಿಬಂತು. ಮನುಷ್ಯರಿಗೆ ಕೊಡಬೇಕಾದ ಬದಲಿಯನ್ನೇ ಅರವತ್ತು ವರ್ಷಗಳಲ್ಲಿ ಕೊಟ್ಟು ಮುಗಿಸಲಾಗದ ವ್ಯವಸ್ಥೆ, ಕಾಡಿಗೆ ಬದಲಿ ಕೊಡುತ್ತದೆಂದು ನಂಬುವುದು ಹೇಗೆ?

ಎರಡು ಆಕ್ಷೇಪಗಳು

ಹವಳ ಸಾಕುವ ಹವ್ಯಾಸಿಗಳನ್ನು ಶತ್ರುಗಳಂತೆ ಚಿತ್ರಿಸುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ಅನ್ಯಾಯವೇ. ಹವಳವನ್ನು ಗೆಲ್ಲು ಕತ್ತರಿಸಿ ಬೆಳೆಸುವ ವಿದ್ಯೆಯಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. ಸಾಕಿದ ಹವಳ ಹೆಚ್ಚಿದಷ್ಟೂ ಕಡಲಿನಿಂದ ಕೀಳುವ ಒತ್ತಡ ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಮತೋಲ ಎಷ್ಟು ಸೂಕ್ಷ್ಮವೆಂಬುದನ್ನು ಅವರಷ್ಟು ಬಲ್ಲವರಿಲ್ಲ. ಒಂದು ವಾಲ್ವ್ ಕೈಕೊಟ್ಟ ರಾತ್ರಿಯನ್ನು ಕಂಡ ಹವ್ಯಾಸಿ, ಕಡಲನ್ನು ಅಗೆದು ಹವಳವನ್ನು ಬೇರೆಡೆ ನೆಡುತ್ತೇವೆ ಎಂಬ ಮಾತನ್ನು ನಗದೆ ಕೇಳಲಾರ. ಖಂಡಿಸಬೇಕಾದುದು ತೊಟ್ಟಿಯ ಒಡೆಯನನ್ನಲ್ಲ. ತೊಟ್ಟಿಯನ್ನು ತೋರಿಸಿ ಕಡಲನ್ನು ಮಾರುವವನನ್ನು.

ಹಾಗಾದರೆ ಏನನ್ನೂ ಕಟ್ಟಬಾರದೇ, ಕತ್ತಲಲ್ಲೇ ಇರಬೇಕೇ ಎಂಬುದು ಎರಡನೆಯ ಆಕ್ಷೇಪ. ಕಟ್ಟಬೇಕಾದುದನ್ನು ಕಟ್ಟುವಾಗ ನಷ್ಟವನ್ನು ನಷ್ಟವೆಂದೇ ಬರೆಯಬೇಕು ಎಂಬುದಷ್ಟೇ ಇಲ್ಲಿನ ವಾದ. ಮರಳಿ ಬಾರದುದನ್ನು ಬಾರದುದೆಂದು ಕಡತದಲ್ಲಿ ಕಾಣಿಸಿದರೆ, ಆ ಯೋಜನೆ ನಿಜಕ್ಕೂ ಬೇಕೇ, ಬೇರೆ ದಾರಿಯಿಲ್ಲವೇ, ಬೇರೆ ಜಾಗವಿಲ್ಲವೇ ಎಂಬ ಚರ್ಚೆ ಪ್ರಾಮಾಣಿಕವಾಗಿ ನಡೆಯುತ್ತದೆ. ಬದಲಿ ಎಂಬ ಶಬ್ದ ಆ ಚರ್ಚೆಯ ಬಾಯಿಯನ್ನೇ ಮುಚ್ಚಿಸುತ್ತದೆ.

ಆದುದರಿಂದ ಗ್ರಾಮಸಭೆಯಲ್ಲಾಗಲಿ, ಸಾರ್ವಜನಿಕ ಅಹವಾಲು ಸಭೆಯಲ್ಲಾಗಲಿ ಅಧಿಕಾರಿಗಳು ಬದಲಿಯ ಮಾತು ತೆಗೆದಾಗ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಯಾವುದಕ್ಕೆ ಬದಲಿ, ಅದರಲ್ಲಿ ಏನೇನಿತ್ತು ಎಂಬ ಪಟ್ಟಿ ಎಲ್ಲಿ? ಬದಲಿಯನ್ನು ನಿತ್ಯ ನೋಡಿಕೊಳ್ಳುವವರು ಯಾರು, ಎಷ್ಟು ವರ್ಷ? ಅದು ಬದುಕಿದೆಯೆಂದು ಅಳೆಯುವ ಅಂಕಿಗಳು ಯಾವುವು, ಅಳೆದುದನ್ನು ಊರಿನವರಿಗೆ ತೋರಿಸುವರೇ? ಮೊದಲು ಬದಲಿ ಬದುಕಲಿ, ಆಮೇಲೆ ಮೂಲವನ್ನು ಮುಟ್ಟಿ ಎಂಬ ಷರತ್ತಿಗೆ ಒಪ್ಪಿಗೆಯಿದೆಯೇ? ಸತ್ತರೆ ಶಿಕ್ಷೆ ಯಾರಿಗೆ? ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಗಳಾಗಿ ಬರೆಯಬಹುದು. ಊರಿನ ಹಿರಿಯರು ಪಟ್ಟಿಗೆ ಬೇಕಾದ ಗಿಡ, ಹಕ್ಕಿ, ಒರತೆಗಳ ಹೆಸರು ಹೇಳಬಹುದು. ಉತ್ತರ ಬರುವ ತನಕ ಒಪ್ಪಿಗೆಯ ಠರಾವಿಗೆ ಸಹಿ ಬೀಳಬಾರದು.